ಟೋಕಿಯೊದಲ್ಲಿ ಸಸ್ಯಾಹಾರಿ ಮನೆ: ಮೀನಿನ ಸಾರು, ಆಫೀಸ್ ಪಾರ್ಟಿ, ಮಗಳ ಶಾಲೆ ಊಟ

ಪ್ರಶ್ನೆ: ನಮ್ಮದು ಶಿವಮೊಗ್ಗ ಕಡೆ. ನಮ್ಮನೆಯವರ ಕೆಲಸದ ಮೇಲೆ ಟೋಕಿಯೊಗೆ ಬಂದು ಕೆಲವು ತಿಂಗಳಾದವು. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹೊರಗೆ ಎಲ್ಲಿ ಹೋದರೂ ಯಾವುದರಲ್ಲಿ ಮೀನು ಇದೆ ಅಂತ ಗೊತ್ತಾಗುವುದಿಲ್ಲ. ಇವರು ಆಫೀಸಿನ ಪಾರ್ಟಿಗಳನ್ನು ಏನಾದರೂ ನೆಪ ಹೇಳಿ ತಪ್ಪಿಸುತ್ತಾರೆ. ಪಕ್ಕದ ಮನೆಯ ಅಜ್ಜಿ ಪ್ರೀತಿಯಿಂದ ಕುಂಬಳಕಾಯಿ ಬೇಯಿಸಿ ತಂದುಕೊಟ್ಟರು. ಅದಕ್ಕೂ ಮೀನಿನ ಸಾರು ಹಾಕುತ್ತಾರೆ ಅಂತ ಆಮೇಲೆ ಗೊತ್ತಾಗಿ ಬಿಸಾಡಿದೆ. ಅವರ ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ, ಎದುರು ಸಿಕ್ಕರೆ ಮುಜುಗರ. ಮಗಳು ಬರುವ ಏಪ್ರಿಲ್‌ಗೆ ಒಂದನೇ ಕ್ಲಾಸು. ಶಾಲೆಯಲ್ಲಿ ಎಲ್ಲರಿಗೂ ಒಂದೇ ಊಟವಂತೆ. ಹೇಗೆ ಹೊಂದಿಕೊಳ್ಳುವುದು? ನಮ್ಮ ಪದ್ಧತಿ ಬಿಡಲೇಬೇಕಾ?

ಉತ್ತರ: ಬಿಡಬೇಕಾಗಿಲ್ಲ. ಮೊದಲು ಆ ಭಯ ಬಿಡಿ. ನೀವು ಏನು ತಿನ್ನುತ್ತೀರಿ ಅನ್ನುವುದಕ್ಕೆ ಇಲ್ಲಿನ ಜನ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಹೇಗೆ ತಿನ್ನುತ್ತೀರಿ, ತಿನ್ನದಿದ್ದರೆ ಅದನ್ನು ಯಾವಾಗ ಹೇಳಿದಿರಿ ಅನ್ನುವುದನ್ನು ಮಾತ್ರ ಚೆನ್ನಾಗಿ ಗಮನಿಸುತ್ತಾರೆ. ವಾರದ ಮುಂಚೆ ತಿಳಿಸಿದರೆ ನಿಮಗೆಂದೇ ಬೇರೆ ಅಡುಗೆ ಮಾಡಿಸುವ ಜನ, ತಟ್ಟೆ ಎದುರಿಗೆ ಬಂದ ಮೇಲೆ ಬೇಡ ಅಂದರೆ ಕಂಗಾಲಾಗುತ್ತಾರೆ. ಹೊಸದಾಗಿ ಬರುವ ನಮ್ಮ ಕಡೆಯ ಕುಟುಂಬಗಳಿಗೆ ಊಟದ ವಿಷಯದಲ್ಲಿ ಸಲಹೆ ಕೊಡುವುದು ನನ್ನ ಕೆಲಸ. ಮುಜುಗರ, ಮನಸ್ತಾಪ ಅಂತ ನನ್ನ ಹತ್ತಿರ ಬಂದ ಹೆಚ್ಚಿನ ಸಂಗತಿಗಳಲ್ಲಿ ಮೊದಲೇ ಒಂದು ಮಾತು ಹೇಳದೆ ಇದ್ದದ್ದೇ ಕಾರಣ.

ಈಗ ನಿಮ್ಮ ನಿಜವಾದ ತಲೆನೋವಿಗೆ ಬರೋಣ. ಅದರ ಹೆಸರು ದಾಶಿ. ನಮ್ಮ ಅಡುಗೆಗೆ ಒಗ್ಗರಣೆ ಹೇಗೋ, ಇಲ್ಲಿನ ಅಡುಗೆಗೆ ದಾಶಿ ಹಾಗೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಅದಿಲ್ಲದೆ ರುಚಿ ಇಲ್ಲ. ಕತ್ಸುವೊ ಅನ್ನುವ ಮೀನನ್ನು ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸುತ್ತಾರೆ. ಅದನ್ನು ತೆಳ್ಳಗೆ ಹೆರೆದು ಬಿಸಿನೀರಿಗೆ ಹಾಕಿ ಸೋಸಿದರೆ ದಾಶಿ ಸಿದ್ಧ. ಹುದುಗಿಸಿದ ಸೋಯಾ ಕಾಳಿನ ಮುದ್ದೆಯಾದ ಮಿಸೊ ಹಾಕಿದ ಸೂಪ್, ಬೇಯಿಸಿದ ತರಕಾರಿ, ಸೋಬಾ-ಉದೋನ್ ಶಾವಿಗೆಯ ಸಾರು, ನಮ್ಮ ಬಜ್ಜಿಯಂಥ ತೆಂಪುರಾ ಅದ್ದಿಕೊಳ್ಳುವ ಸಾಸು, ಇನಾರಿ ಸುಶಿಯ ಮೇಲಿನ ಕರಿದ ತೋಫುವಿನ ಚೀಲ, ಎಲ್ಲದರಲ್ಲೂ ಇದು ಇರುತ್ತದೆ. ಉಪ್ಪಿನಕಾಯಿಯ ಮೇಲೂ ಒಮ್ಮೊಮ್ಮೆ ಆ ಹೆರೆದ ಎಳೆಗಳನ್ನು ಉದುರಿಸಿರುತ್ತಾರೆ. ಹೋಟೆಲಿನವರಿಗೆ "ಮಾಂಸ ಬೇಡ" ಅಂದರೆ ಅವರು ಮಾಂಸದ ತುಂಡು ತೆಗೆದು ಕೊಡುತ್ತಾರೆ. ದಾಶಿ ಅವರ ಲೆಕ್ಕಕ್ಕೇ ಬರುವುದಿಲ್ಲ. ಅವರು ಮೋಸ ಮಾಡಿದರು ಅಂತ ಅಂದುಕೊಳ್ಳಬೇಡಿ.

ಈ ದೇಶ ಒಂದು ಕಾಲಕ್ಕೆ ಮಾಂಸದಿಂದ ದೂರವೇ ಇತ್ತು ಅಂದರೆ ನಿಮಗೆ ಆಶ್ಚರ್ಯ ಆಗಬಹುದು. 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನುವುದನ್ನು ವರ್ಷದ ಕೆಲವು ತಿಂಗಳು ನಿಷೇಧಿಸಿದ. ಬೌದ್ಧ ಧರ್ಮದ ಪ್ರಭಾವ ಬೆಳೆದಂತೆ ಮಾಂಸ ಬಿಡುವ ರೂಢಿ ಶತಮಾನಗಳವರೆಗೆ ಬೇರೆ ಬೇರೆ ರೀತಿಯಲ್ಲಿ ಉಳಿಯಿತು. 1872ರಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದ ಸುದ್ದಿ ಹೊರಬಿದ್ದ ಮೇಲೆ ಆ ಸಂಕೋಚ ಬೇಗ ಕರಗಿತು. ಆದರೆ ಮೀನಿಗೆ ಅಂಥ ತಡೆ ಜನಸಾಮಾನ್ಯರಿಗೆ ಯಾವತ್ತೂ ಇರಲಿಲ್ಲ. ಸುತ್ತ ಸಮುದ್ರ ಇರುವ ದ್ವೀಪದಲ್ಲಿ ಮೀನು ಬಿಟ್ಟು ಬದುಕಿದವರು ಮಠದ ಸನ್ಯಾಸಿಗಳು ಮಾತ್ರ. ಹಾಗಾಗಿ "ನಾನು ಮಾಂಸ ತಿನ್ನುವುದಿಲ್ಲ" ಅಂದರೆ ಇವರಿಗೆ ತಟ್ಟನೆ ಅರ್ಥ ಆಗುತ್ತದೆ, "ಮೀನಿನ ಸಾರೂ ಬೇಡ" ಅಂದಾಗ ಸ್ವಲ್ಪ ಯೋಚಿಸಬೇಕಾಗುತ್ತದೆ.

ಆ ಸನ್ಯಾಸಿಗಳ ಅಡುಗೆಯೇ ನಿಮ್ಮ ದೊಡ್ಡ ಆಸರೆ. ಅದಕ್ಕೆ ಶೋಜಿನ್ ರ್ಯೋರಿ ಅನ್ನುತ್ತಾರೆ. ಮಾಂಸ, ಮೀನು, ಮೊಟ್ಟೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ, ಥೇಟ್ ನಮ್ಮ ಉಡುಪಿ ಮಠದ ಊಟದ ಹಾಗೆ. ವಾಕಾಯಾಮಾ ಪ್ರಾಂತದ ಕೋಯಾಸಾನ್ ಬೆಟ್ಟದಲ್ಲಿ ದೇವಾಲಯಗಳಲ್ಲೇ ಉಳಿದು ಈ ಊಟ ಮಾಡಬಹುದು. ಎಳ್ಳಿನ ಹಾಲಿನಿಂದ ಮಾಡಿದ ಮೆತ್ತಗಿನ ಗೋಮಾ ದೋಫು, ಹಿಮದಲ್ಲಿ ಒಣಗಿಸುವ ಪದ್ಧತಿಯಿಂದ ಬಂದ ಕೋಯಾ ದೋಫು, ಕಾಲಕ್ಕೆ ತಕ್ಕ ತರಕಾರಿ. ಒಂದು ರಜೆಯಲ್ಲಿ ಮೂವರೂ ಹೋಗಿ ಬನ್ನಿ ಅಂತ ನಾನು ಒತ್ತಿ ಹೇಳುತ್ತೇನೆ. ಈ ನೆಲದಲ್ಲಿ ನಮ್ಮಂಥವರ ಊಟಕ್ಕೂ ಹಳೆಯ ಬೇರು ಇದೆ ಅಂತ ಕಣ್ಣಾರೆ ಕಂಡ ಮೇಲೆ ಮನಸ್ಸಿನ ಬಿಗಿ ಎಷ್ಟೋ ಸಡಿಲವಾಗುತ್ತದೆ.

ಸನ್ಯಾಸಿಗಳು ಮೀನಿಲ್ಲದೆ ಆ ರುಚಿ ತರುವುದು ಎರಡು ವಸ್ತುಗಳಿಂದ. ಒಂದು ಕೊಂಬು ಅನ್ನುವ ದಪ್ಪ ಸಮುದ್ರ ಪಾಚಿ, ಇನ್ನೊಂದು ಒಣಗಿಸಿದ ಶೀತಾಕೆ ಅಣಬೆ. 1908ರಲ್ಲಿ ಟೋಕಿಯೊದ ಇಕೆದಾ ಕಿಕುನಾಯೆ ಅನ್ನುವ ರಸಾಯನ ವಿಜ್ಞಾನಿ ಕೊಂಬುವಿನಿಂದಲೇ ಗ್ಲುಟಮೇಟ್ ಬೇರ್ಪಡಿಸಿ, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಅಣಬೆಯಲ್ಲಿ ಇರುವುದು ಗ್ವಾನಿಲೇಟ್ ಅನ್ನುವ ಬೇರೆ ವಸ್ತು. ಎರಡೂ ಸೇರಿದರೆ ರುಚಿ ಒಂದಕ್ಕೆ ಹಲವು ಪಟ್ಟು ಏರುತ್ತದೆ. ಮನೆಯಲ್ಲಿ ಮಾಡುವುದು ತುಂಬಾ ಸುಲಭ. ಒಂದು ಲೀಟರ್ ನೀರಿಗೆ ಸುಮಾರು 10 ಗ್ರಾಂ ಕೊಂಬು, ಎರಡು ಮೂರು ಒಣ ಅಣಬೆ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆಳಗ್ಗೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಕುದಿ ಬರುವ ಮುಂಚೆ ಕೊಂಬು ತೆಗೆಯಿರಿ. ಕುದಿಸಿದರೆ ಲೋಳೆಯಾಗಿ ವಾಸನೆ ಬರುತ್ತದೆ. ಕೊಂಬುವಿನ ಮೇಲೆ ಬಿಳಿ ಪುಡಿಯಂಥದ್ದು ಕಂಡರೆ ತೊಳೆಯಬೇಡಿ, ಅದು ಬೂಷ್ಟು ಅಲ್ಲ, ಅದರಲ್ಲೂ ರುಚಿ ಇದೆ. ಈ ನೀರಿಗೆ ತೋಫು, ಈರುಳ್ಳಿ ಸೊಪ್ಪು ಹಾಕಿ ಕುದಿಸಿ, ಒಲೆ ಆರಿಸಿ, ಆಮೇಲೆ ಮಿಸೊ ಕದಡಿದರೆ ಮಿಸೊ ಸೂಪ್. ಮಿಸೊ ಕೊಳ್ಳುವಾಗ ಮಾತ್ರ ಎಚ್ಚರ. "ದಾಶಿ ಇರಿ" ಅಂತ ಬರೆದದ್ದರಲ್ಲಿ ಸಾಮಾನ್ಯವಾಗಿ ಮೀನಿನ ಸಾರ ಮೊದಲೇ ಬೆರೆಸಿರುತ್ತಾರೆ.

ಒಂದು ಆರೋಗ್ಯದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೊಂಬುವಿನಲ್ಲಿ ಅಯೋಡಿನ್ ತುಂಬಾ ಜಾಸ್ತಿ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ತೊಂದರೆ ಇದ್ದರೆ ಅಥವಾ ನೀವು ಬಸುರಿಯಾಗಿದ್ದರೆ, ದಿನಾ ಕುಡಿಯುವ ಮುಂಚೆ ಡಾಕ್ಟರನ್ನು ಕೇಳಿ. ಬರೀ ಅಣಬೆಯ ನೀರಿನಿಂದಲೂ ಒಳ್ಳೆಯ ಸೂಪ್ ಆಗುತ್ತದೆ. ಮೊಟ್ಟೆ ತಿನ್ನದವರು ವಿಟಮಿನ್ ಬಿ12ಕ್ಕೆ ಹಾಲು, ಮೊಸರನ್ನೇ ನಂಬಬೇಕು. ಊರು ಬದಲಾದ ಗಡಿಬಿಡಿಯಲ್ಲಿ ಮೊಸರು ತಪ್ಪಿಸಬೇಡಿ. ಇಲ್ಲಿನ ಸಾದಾ ಯೋಗರ್ಟ್ ಒಂದು ಚಮಚ ಹೆಪ್ಪು ಹಾಕಿದರೆ ಮನೆಯಲ್ಲೇ ಮೊಸರಾಗುತ್ತದೆ. ಸಕ್ಕರೆ ಮತ್ತು ಜೆಲಟಿನ್ ಇಲ್ಲದ್ದನ್ನು ನೋಡಿ ತನ್ನಿ.

ಇನ್ನು ನೀವೇ ತೀರ್ಮಾನ ಮಾಡಬೇಕಾದ ಒಂದು ವಿಷಯ ಇದೆ. ನಿಮ್ಮ ಗೆರೆ ಎಲ್ಲಿ? ಇಲ್ಲಿರುವ ನಮ್ಮವರಲ್ಲಿ ಕೆಲವರು ಕಣ್ಣಿಗೆ ಕಾಣುವ ಮೀನು, ಮಾಂಸ ಮಾತ್ರ ಬಿಡುತ್ತಾರೆ, ದಾಶಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಲವರಿಗೆ ದಾಶಿಯೂ ಬೇಡ. ಇನ್ನು ಕೆಲವರಿಗೆ ಮೀನು ಕರಿದ ಎಣ್ಣೆಯಲ್ಲಿ ಕರಿದದ್ದೂ ಬೇಡ. ಯಾವುದೂ ತಪ್ಪಲ್ಲ. ನಿಮ್ಮ ಮನಸ್ಸಿಗೆ ಯಾವುದು ನೆಮ್ಮದಿ ಕೊಡುತ್ತದೋ ಅದು ಸರಿ. ಆದರೆ ಗಂಡ ಹೆಂಡತಿ ಕೂತು ಮಾತಾಡಿ ಒಂದು ಗೆರೆ ಹಾಕಿಕೊಳ್ಳಿ, ಎಲ್ಲರಿಗೂ ಅದನ್ನೇ ಹೇಳಿ. ಹೋದ ತಿಂಗಳು ಉದೋನ್ ತಿಂದವರು ಈ ತಿಂಗಳು ಮಿಸೊ ಸೂಪ್ ಬೇಡ ಅಂದರೆ, ಊಟ ಏರ್ಪಾಡು ಮಾಡಿದವರಿಗೆ ದಿಕ್ಕು ತೋಚುವುದಿಲ್ಲ. ಮುಂದಿನ ಸಲ ನಿಮ್ಮನ್ನು ಕರೆಯುವುದಕ್ಕೇ ಹೆದರುತ್ತಾರೆ.

ಗೆರೆ ತೀರ್ಮಾನ ಆದ ಮೇಲೆ ಅದನ್ನು ಒಂದು ಚೀಟಿಯಲ್ಲಿ ಜಪಾನಿ ಲಿಪಿಯಲ್ಲಿ ಬರೆಸಿ, ಫೋನಿನಲ್ಲೂ ಇಟ್ಟುಕೊಳ್ಳಿ. ಬಾಯಲ್ಲಿ ಹೇಳುವುದಾದರೆ ಹೀಗೆ: "ನಿಕು, ಸಕಾನಾ, ತಮಾಗೊ ವಾ ತಾಬೆರಾರೆಮಾಸೆನ್. ಕತ್ಸುವೊ ನೊ ದಾಶಿ ಮೊ ತಾಬೆರಾರೆಮಾಸೆನ್." ಮಾಂಸ, ಮೀನು, ಮೊಟ್ಟೆ ತಿನ್ನಲಾಗುವುದಿಲ್ಲ, ಕತ್ಸುವೊ ದಾಶಿಯೂ ಆಗುವುದಿಲ್ಲ ಅಂತ. "ಬೆಜಿತಾರಿಯನ್" ಅಂತ ಒಂದೇ ಮಾತು ಹೇಳಿ ಸುಮ್ಮನಾಗಬೇಡಿ. ತರಕಾರಿ ಜಾಸ್ತಿ ಇಷ್ಟಪಡುವವರು ಅಂದುಕೊಂಡು ಸಲಾಡ್ ಮೇಲೆ ಹ್ಯಾಮ್ ಹಾಕಿ ತಂದಿಡುವುದುಂಟು. ಹೋಟೆಲಿನಲ್ಲಿ "ಇದನ್ನು ತೆಗೆಯಿರಿ, ಅದನ್ನು ಸೇರಿಸಿ" ಅಂತ ಬದಲಾಯಿಸಿ ಮಾಡಿಸುವ ರೂಢಿ ಇಲ್ಲಿ ಕಡಿಮೆ. ಬೆಂಗಳೂರಿನ ದರ್ಶಿನಿಯಲ್ಲಿ ಈರುಳ್ಳಿ ಬೇಡ, ಖಾರ ಜಾಸ್ತಿ ಅಂತ ಹೇಳಿದಷ್ಟು ಸಲೀಸಲ್ಲ. ಇರುವುದರಲ್ಲಿ ಆರಿಸಿಕೊಳ್ಳುವುದು ಒಳ್ಳೆಯದು. ಬೇಯಿಸಿದ ಹಸಿ ಸೋಯಾ ಕಾಯಿ ಎದಾಮಾಮೆ, ಸೌತೆಕಾಯಿ ಸುತ್ತಿದ ಕಪ್ಪಾ ಮಾಕಿ, ಸಾದಾ ಅನ್ನ ಸಾಮಾನ್ಯವಾಗಿ ಎಲ್ಲಾ ಕಡೆ ಸಿಗುತ್ತದೆ. ತಣ್ಣಗಿನ ತೋಫು ಹಿಯಾಯಾಕ್ಕೊ ಹೇಳುವಾಗ "ಕತ್ಸುವೊಬುಶಿ ನುಕಿ ದೆ" ಅನ್ನಿ, ಮೇಲೆ ಉದುರಿಸುವ ಮೀನಿನ ಎಳೆ ಬಿಟ್ಟು ಕೊಡುತ್ತಾರೆ. ತರಕಾರಿ ತೆಂಪುರಾ ನಿಮಗೆ ಆಗುವುದು ಕಷ್ಟ, ಹಿಟ್ಟಿಗೆ ಹೆಚ್ಚಾಗಿ ಮೊಟ್ಟೆ ಹಾಕುತ್ತಾರೆ.

ಪಕ್ಕದ ಮನೆಯ ಅಜ್ಜಿಯ ವಿಷಯ. ಇದನ್ನು ಮುಂದಕ್ಕೆ ಹಾಕಬೇಡಿ, ಈ ವಾರವೇ ಡಬ್ಬಿ ವಾಪಸ್ ಕೊಡಿ. ಖಾಲಿ ಡಬ್ಬಿ ಕೊಡಬಾರದು ಅನ್ನುವುದು ನಮ್ಮ ಮಲೆನಾಡಿನ ಮನೆಗಳಲ್ಲೂ ಇದೆ, ಇಲ್ಲೂ ಹಾಗೇ. ಕೊಟ್ಟದ್ದಕ್ಕೆ ಏನಾದರೂ ವಾಪಸ್ ಕೊಡುವ ಪದ್ಧತಿ ಇಲ್ಲಿ ಬಲವಾಗಿ ಇದೆ. ನಾಲ್ಕು ತುಂಡು ಕೊಬ್ಬರಿ ಮಿಠಾಯಿಯೋ ಮೈಸೂರು ಪಾಕೋ ಸಾಕು. ಜಾಸ್ತಿ ಕೊಟ್ಟರೆ ಅವರಿಗೆ ಅದನ್ನು ತೀರಿಸುವ ಹೊರೆ. ಖಾರದ್ದು ಬೇಡ. ಸಿಹಿಯನ್ನೂ ನಾವು ಮಾಡುವುದಕ್ಕಿಂತ ಸ್ವಲ್ಪ ಕಡಿಮೆ ಮಾಡಿ, ಚೊಕ್ಕವಾಗಿ ಕಾಗದದಲ್ಲಿ ಸುತ್ತಿ. ಎರಡೂ ಕೈಯಲ್ಲಿ ಕೊಡಿ. ಬಿಸಾಡಿದ್ದನ್ನು ಹೇಳಬೇಡಿ, ಅದರಿಂದ ಅವರಿಗೆ ನೋವು ಬಿಟ್ಟು ಬೇರೇನೂ ಆಗುವುದಿಲ್ಲ. ಆದರೆ ಚೆನ್ನಾಗಿತ್ತು ಅಂತ ಸುಳ್ಳೂ ಹೇಳಬೇಡಿ, ಯಾಕೆಂದರೆ ಮುಂದಿನ ವಾರ ಮತ್ತೆ ಬರುತ್ತದೆ! "ನೀವು ನಮ್ಮನ್ನು ನೆನೆಸಿಕೊಂಡದ್ದು ತುಂಬಾ ಸಂತೋಷ. ನಮ್ಮ ಮನೆಯಲ್ಲಿ ಮೀನಿನ ದಾಶಿ ತಿನ್ನುವುದಿಲ್ಲ, ಕೊಂಬು ದಾಶಿ ಆದರೆ ತಿನ್ನುತ್ತೇವೆ" ಅನ್ನಿ. ಆ ವಯಸ್ಸಿನವರಿಗೆ ಕೊಂಬು ದಾಶಿ ಗೊತ್ತಿಲ್ಲದ್ದಲ್ಲ. ಆ ಕುಂಬಳಕಾಯಿಯನ್ನು ಕೊಂಬು ನೀರಿನಲ್ಲಿ ಮಾಡುವುದು ಹೇಗೆ ಅಂತ ಕೇಳಿ. ಕಲಿಸಿ ಅಂತ ಕೇಳಿದರೆ ಸಂತೋಷಪಡದ ಅಜ್ಜಿಯನ್ನು ನಾನು ಇಲ್ಲಿ ಕಂಡಿಲ್ಲ.

ನಿಮ್ಮನೆಯವರ ಆಫೀಸ್ ಪಾರ್ಟಿ. ನೊಮಿಕಾಯ್ ಅನ್ನುವ ಈ ಸಂಜೆಯ ಕೂಟಗಳನ್ನು ತಪ್ಪಿಸುತ್ತಾ ಹೋದರೆ ನಷ್ಟ ಅವರಿಗೇ. ಹಗಲಿನಲ್ಲಿ ಬಾಯಿ ಬಿಡದ ಸಹೋದ್ಯೋಗಿಗಳು ಮನಸ್ಸು ಬಿಚ್ಚಿ ಮಾತಾಡುವುದು ಅಲ್ಲೇ. ಎಲ್ಲಾ ಕೂಟಕ್ಕೂ ಹೋಗಬೇಕಾಗಿಲ್ಲ. ಹೊಸಬರನ್ನು ಬರಮಾಡಿಕೊಳ್ಳುವ ಕೂಟ ಮತ್ತು ಡಿಸೆಂಬರಿನ ವರ್ಷಾಂತ್ಯದ ಬೋನೆನ್‌ಕಾಯ್, ಇವೆರಡನ್ನು ಬಿಡಬಾರದು. ಪ್ರತಿ ಕೂಟಕ್ಕೂ ಒಬ್ಬರು ಹೊಣೆ ಹೊತ್ತಿರುತ್ತಾರೆ, ಅವರಿಗೆ ಕಾಂಜಿ ಅನ್ನುತ್ತಾರೆ. ಹೋಟೆಲ್ ಗೊತ್ತು ಮಾಡುವುದು, ಊಟ ಮೊದಲೇ ಹೇಳುವುದು, ದುಡ್ಡು ಎತ್ತುವುದು ಎಲ್ಲಾ ಅವರೇ. ಜಾಗ ಗೊತ್ತಾಗುವ ಮುಂಚೆಯೇ ಅವರಿಗೆ ಆ ಚೀಟಿ ಕಳಿಸಿಬಿಡಬೇಕು. ಆಗ ಅವರು ಹೋಟೆಲನ್ನೇ ಅದಕ್ಕೆ ತಕ್ಕಂತೆ ಹುಡುಕುತ್ತಾರೆ. ಅಷ್ಟಾಗಿಯೂ ಹೊಟ್ಟೆ ತುಂಬುವಷ್ಟು ಸಿಗದಿರಬಹುದು. ಮನೆಯಲ್ಲಿ ಎರಡು ಚಪಾತಿ ತಿಂದು ಹೋದರೆ ಆಯಿತು. ಅಲ್ಲಿಗೆ ಹೋಗುವುದು ಹೊಟ್ಟೆಗಾಗಿ ಅಲ್ಲವಲ್ಲ. ದುಡ್ಡನ್ನು ಹೆಚ್ಚಾಗಿ ಸಮಪಾಲು ಹಂಚುತ್ತಾರೆ. ನಾನು ಕಡಿಮೆ ತಿಂದೆ ಅಂತ ಚೌಕಾಸಿಗೆ ಇಳಿಯಬಾರದು.

ಕುಡಿಯದಿದ್ದರೂ ಏನೂ ತೊಂದರೆ ಇಲ್ಲ. ಊಲಾಂಗ್ ಟೀ ಕೇಳಿದರೆ ತಂದುಕೊಡುತ್ತಾರೆ. ಎಲ್ಲರ ಲೋಟ ಬಂದು, "ಕಂಪಾಯ್" ಅನ್ನುವ ತನಕ ಯಾರೂ ಬಾಯಿಗೆ ಇಡುವುದಿಲ್ಲ, ಅಷ್ಟು ಹೊತ್ತು ಕಾಯಬೇಕು. ಪಕ್ಕದವರ ಲೋಟ ಖಾಲಿಯಾದರೆ ನಾವು ಬಗ್ಗಿಸಿ ಕೊಡಬೇಕು, ನಮ್ಮದನ್ನು ಅವರು ತುಂಬುತ್ತಾರೆ. ಇಜಕಾಯ ಅನ್ನುವ ಹೋಟೆಲುಗಳಲ್ಲಿ ಕೇಳದೆಯೇ ಒಂದು ಪುಟ್ಟ ಬಟ್ಟಲು ಬಂದು ಕೂರುತ್ತದೆ. ಅದು ಓತೋಶಿ, ಅದಕ್ಕೂ ಬಿಲ್ ಹಾಕುತ್ತಾರೆ. ಮೀನಿನದ್ದಾದರೆ ಮುಟ್ಟದೆ ಪಕ್ಕದವರಿಗೆ ಸರಿಸಿ. ಒಂದೇ ಪಾತ್ರೆಯಲ್ಲಿ ಮೇಜಿನ ಮೇಲೇ ಬೇಯಿಸುವ ನಾಬೆ ಊಟ ಮಾತ್ರ ನಿಮಗೆ ಆಗುವುದಿಲ್ಲ. ಮಾಂಸವೂ ತೋಫುವೂ ಒಂದೇ ಸಾರಿನಲ್ಲಿ ಬೇಯುತ್ತವೆ. ಇದನ್ನು ಕಾಂಜಿಗೆ ಮೊದಲೇ ಬಿಡಿಸಿ ಹೇಳಿ.

ಎಂಜಲಿನ ವಿಷಯದಲ್ಲಿ ನೀವು ಅಂದುಕೊಂಡಷ್ಟು ದೂರದವರಲ್ಲ ಇವರು. ಹಂಚಿಕೊಳ್ಳುವ ತಟ್ಟೆಗೆ ತಾನು ತಿನ್ನುತ್ತಿರುವ ಊಟದ ಕಡ್ಡಿ (ಚಾಪ್‌ಸ್ಟಿಕ್) ಹಾಕುವುದು ಇಲ್ಲೂ ಒರಟುತನ. ಬಡಿಸಲು ಬೇರೆ ಕಡ್ಡಿ ಇರುತ್ತದೆ, ಕಾಣದಿದ್ದರೆ ಕೇಳಿ. ಕಡ್ಡಿಯ ವಿಷಯದಲ್ಲಿ ಎರಡು ತಪ್ಪು ಯಾವ ಕಾರಣಕ್ಕೂ ಆಗಬಾರದು. ಅನ್ನದ ಬಟ್ಟಲಿನಲ್ಲಿ ಕಡ್ಡಿಯನ್ನು ನೆಟ್ಟಗೆ ಚುಚ್ಚಬಾರದು, ಹಾಗೆ ಇಡುವುದು ಸತ್ತವರಿಗೆ ಎಡೆ ಇಡುವಾಗ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬಾರದು. ಶವ ಸುಟ್ಟ ಮೇಲೆ ಮೂಳೆ ಆರಿಸುವಾಗ ಮನೆಯವರು ಹಾಗೆ ಮಾಡುತ್ತಾರೆ. ಮಗಳಿಗೂ ಇವನ್ನು ಈಗಲೇ ಹೇಳಿಕೊಡಿ.

ಉಳಿದದ್ದು ನೋಡುತ್ತಾ ಬರುತ್ತದೆ. ಅನ್ನದ ಬಟ್ಟಲನ್ನು ಕೈಯಲ್ಲಿ ಎತ್ತಿಕೊಂಡು ತಿನ್ನಬೇಕು, ಮೇಜಿನ ಮೇಲೇ ಬಿಟ್ಟು ಬಗ್ಗಿ ತಿಂದರೆ ಚೆನ್ನಾಗಿ ಕಾಣುವುದಿಲ್ಲ. ಶಾವಿಗೆಯನ್ನು ಸೊರ್ ಅಂತ ಎಳೆದು ತಿಂದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಊಟದ ಮೇಜಿನಲ್ಲಿ ಸಿಂಬಳ ತೆಗೆದರೆ ಎಲ್ಲರೂ ನೋಡುತ್ತಾರೆ. ಅನ್ನವನ್ನು ಸಾರಿನ ಜೊತೆ ಕಲಸುವ ರೂಢಿ ಇಲ್ಲ. ಬಿಳಿ ಅನ್ನ ಒಂದು ತುತ್ತು, ಪಲ್ಯ ಒಂದು ತುತ್ತು. ತಟ್ಟೆಯಲ್ಲಿ ಒಂದು ಅಗುಳೂ ಬಿಡಬಾರದು, ಅದು ನಮ್ಮ ಅಜ್ಜಿಯಂದಿರು ಹೇಳಿದ್ದೇ. ಮನೆಯಲ್ಲಿ ಕೈಯಲ್ಲೇ ಕಲಸಿ ತಿನ್ನಿ, ಅದಕ್ಕೆ ಯಾಕೆ ಸಂಕೋಚ? ಆಫೀಸಿನಲ್ಲಿ ಚಮಚ ಬಳಸಿದರೆ ಸಾಕು. ಒನಿಗಿರಿ ಅನ್ನುವ ಅನ್ನದ ಉಂಡೆಯನ್ನು ಅವರೂ ಕೈಯಲ್ಲೇ ತಿನ್ನುತ್ತಾರೆ.

ಅಂಗಡಿಗೆ ಹೋದಾಗ ಫೋನಿನ ಕ್ಯಾಮೆರಾ ಅನುವಾದ ದೊಡ್ಡ ಸಹಾಯ, ಆದರೆ ಪೂರ್ತಿ ನಂಬಬೇಡಿ. ಮಾಂಸ, ಹಂದಿ, ದನ, ಕೋಳಿ, ಮೀನು, ಮೊಟ್ಟೆ, ಈ ಆರು ಪದಗಳ ಅಕ್ಷರ ನೋಡಿ ಗುರುತಿಸುವುದನ್ನು ಕಲಿಯಿರಿ. ಪ್ಯಾಕೆಟ್ ಮೇಲೆ ಅಲರ್ಜಿಯ ಪಟ್ಟಿ ಬೇರೆ ಇರುತ್ತದೆ. ಮೊಟ್ಟೆ, ಹಾಲು, ಸಿಗಡಿ, ಏಡಿಯಂಥವನ್ನು ಅಲ್ಲಿ ಕಡ್ಡಾಯವಾಗಿ ಹೇಳಬೇಕು. ಆದರೆ ಕತ್ಸುವೊ ಆ ಪಟ್ಟಿಯಲ್ಲಿ ಇಲ್ಲ. ಅಲರ್ಜಿ ಪಟ್ಟಿಯಲ್ಲಿ ಮೀನು ಕಾಣಲಿಲ್ಲ ಅಂತ ತಂದುಬಿಡಬೇಡಿ, ಪದಾರ್ಥಗಳ ಸಾಲನ್ನು ಪೂರ್ತಿ ಓದಿ. "ಎಕಿಸು" ಅಂತ ಇದ್ದರೆ ಅದು ಯಾವುದೋ ಒಂದರ ಸಾರ, ಅದರ ಹಿಂದಿನ ಪದ ನೋಡಿ. ಜಪಾನಿ ಕರಿ ಮಾಡುವ ಮಸಾಲೆ ಗಟ್ಟಿಗಳಲ್ಲಿ ಹೆಚ್ಚಾಗಿ ದನದ ಅಥವಾ ಹಂದಿಯ ಕೊಬ್ಬು ಇರುತ್ತದೆ, ಹೆಸರಿನಲ್ಲಿ ಕರಿ ಇದೆ ಅಂತ ಮೋಸ ಹೋಗಬೇಡಿ. ಹುದುಗಿಸಿದ ಸೋಯಾ ಕಾಳು ನತ್ತೊ, ಅದರ ಡಬ್ಬಿಯೊಳಗಿನ ಪುಟ್ಟ ಸಾಸಿನಲ್ಲೂ ಸಾಮಾನ್ಯವಾಗಿ ಮೀನಿನ ಸಾರ ಇರುತ್ತದೆ. ಅದನ್ನು ಬಿಟ್ಟು ಸಾದಾ ಸೋಯಾ ಸಾಸ್ ಹಾಕಿಕೊಳ್ಳಬಹುದು. ಕೊಂಬಿನಿ ಅನ್ನುವ ಸಣ್ಣ ದಿನಸಿ ಅಂಗಡಿಯ ಒನಿಗಿರಿಯಲ್ಲಿ ಹುಣಸೆಯಂಥ ಹುಳಿಯ, ಉಪ್ಪು ಹಾಕಿದ ಉಮೆ ಹಣ್ಣು ಇರುವುದು ಸುರಕ್ಷಿತ ಅಂತ ಎಲ್ಲರೂ ಹೇಳುತ್ತಾರೆ. ಕೆಲವು ಕಂಪನಿಯವರು ಅದಕ್ಕೂ ಕತ್ಸುವೊ ಸೇರಿಸುತ್ತಾರೆ, ಓದಿಯೇ ಕೊಳ್ಳಿ. ಮಗಳಿಗೆ ಜೆಲ್ಲಿ ಆಸೆಯಾದರೆ ಜೆಲಟಿನ್ ಬದಲು ಕಂತೆನ್‌ನಿಂದ ಮಾಡಿದ್ದು ಸಿಗುತ್ತದೆ. ಕಂತೆನ್ ಅಂದರೆ ಸಮುದ್ರ ಪಾಚಿಯಿಂದ ತೆಗೆಯುವ ನಮ್ಮ ಅಗರ್ ಅಗರ್. ಹುರುಳಿ ಕಾಳಿನಷ್ಟು ಕೆಂಪಗಿನ ಅಜುಕಿ ಕಾಳಿನ ಯೋಕಾನ್ ಅನ್ನುವ ಮಿಠಾಯಿಯೂ ಅದರಿಂದಲೇ ಆಗುವುದು.

ಬೇಳೆ, ಹುಣಸೆ, ಇಂಗು, ಸೋನಾ ಮಸೂರಿಗೆ ಚಿಂತೆ ಬೇಡ. ಎದೊಗಾವಾ ವಾರ್ಡಿನ ನಿಶಿ ಕಸಾಯ್ ಭಾರತೀಯರು ಜಾಸ್ತಿ ಇರುವ ಜಾಗ, ಶಿನ್ ಓಕುಬೊ ಸ್ಟೇಷನ್ ಹತ್ತಿರದ ಗಲ್ಲಿಯಲ್ಲೂ ಮಸಾಲೆ ಅಂಗಡಿಗಳ ಸಾಲಿದೆ. ಆದರೆ ತರಕಾರಿಗೆ ನಿಮ್ಮ ಬೀದಿಯ ಅಂಗಡಿಯೇ ಒಳ್ಳೆಯದು. ಸಾತೊಇಮೊ ನಮ್ಮ ಕೆಸುವಿನ ಗೆಡ್ಡೆ, ತೋಗಾನ್ ಬೂದುಗುಂಬಳ, ಗೋಯಾ ಹಾಗಲ, ದಾಯ್ಕೊನ್ ದಪ್ಪ ಮೂಲಂಗಿ. ಮೂಲಂಗಿ ಹುಳಿಗೆ ಚಳಿಗಾಲದ ದಾಯ್ಕೊನ್ ಹಾಕಿ ನೋಡಿ, ಖಾರ ಕಡಿಮೆ, ಸಿಹಿ ಜಾಸ್ತಿ. ಇಲ್ಲಿನ ಅಂಟಂಟು ಅಕ್ಕಿ ಚಿತ್ರಾನ್ನಕ್ಕೆ ಆಗುವುದಿಲ್ಲ, ಮೊಸರನ್ನಕ್ಕೂ ಬಿಸಿಬೇಳೆ ಬಾತಿಗೂ ಹೇಳಿ ಮಾಡಿಸಿದ ಹಾಗಿದೆ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗದೆ ಹೋದರೆ ನಿಮ್ಮ ಮೈಕ್ರೋವೇವ್ ಅವನ್ ನೋಡಿ. ಇಲ್ಲಿನ ಎಷ್ಟೋ ಮಾದರಿಗಳಲ್ಲಿ ಬ್ರೆಡ್ ಹಿಟ್ಟು ಹುದುಗಿಸಲು "ಹಕ್ಕೋ" ಅನ್ನುವ ಬಟನ್ ಇರುತ್ತದೆ, 30ರಿಂದ 40 ಡಿಗ್ರಿಯಲ್ಲಿ ಇಡಬಹುದು. ಊರಿನಿಂದ ಮಿಕ್ಸಿ ತರಿಸುವ ಯೋಚನೆ ಇದ್ದರೆ ನಿಲ್ಲಿಸಿ. ಇಲ್ಲಿ ವಿದ್ಯುತ್ 100 ವೋಲ್ಟ್, ನಮ್ಮದು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದು ಸರಿಯಾಗಿ ತಿರುಗುವುದಿಲ್ಲ. ಹಸಿ ಕರಿಬೇವನ್ನು ಸೂಟ್‌ಕೇಸಿನಲ್ಲಿ ತರಬೇಡಿ, ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ಹಸಿ ಸೊಪ್ಪು, ಹಣ್ಣು ಬಿಡುವುದಿಲ್ಲ.

ಒಗ್ಗರಣೆ ಹಾಕುವಾಗ ಒಲೆ ಮೇಲಿನ ಫ್ಯಾನ್ ಮೊದಲೇ ಹಾಕಿ, ಬಾಲ್ಕನಿ ಬಾಗಿಲು ಮುಚ್ಚಿ. ಪಕ್ಕದವರ ಒಣಗಿಸಿದ ಬಟ್ಟೆಗೆ ವಾಸನೆ ಹಿಡಿದರೆ ಅವರು ಬಾಯಿಬಿಟ್ಟು ಹೇಳುವುದಿಲ್ಲ, ನೇರ ಮನೆ ಮಾಲೀಕರಿಗೆ ತಿಳಿಸುತ್ತಾರೆ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬಾರದು. ಬಿಸಿ ಎಣ್ಣೆಗೆ ಹಾಕಿದರೆ ಗಟ್ಟಿಯಾಗುವ ಪುಡಿ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ. ಗಟ್ಟಿಯಾದ ಮೇಲೆ ಸುಡುವ ಕಸಕ್ಕೆ ಹಾಕಿ.

ಕೊನೆಯದಾಗಿ ಮಗಳ ಶಾಲೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಶಾಲೆಯ ಊಟಕ್ಕೆ ಕ್ಯೂಶೋಕು ಅನ್ನುತ್ತಾರೆ. 1889ರಲ್ಲಿ ಯಾಮಾಗಾತಾ ಪ್ರಾಂತದ ತ್ಸುರುವೊಕಾದಲ್ಲಿ, ದೇವಾಲಯದ ಒಂದು ಶಾಲೆಯಲ್ಲಿ ಬಡಮಕ್ಕಳಿಗೆ ಅನ್ನದ ಉಂಡೆ, ಮೀನು, ಉಪ್ಪಿನಕಾಯಿ ಕೊಟ್ಟದ್ದೇ ಇದರ ಮೊದಲು ಅನ್ನುತ್ತಾರೆ. 1954ರಲ್ಲಿ ಕಾನೂನು ಬಂತು. ಇಲ್ಲಿ ಊಟವೂ ಒಂದು ಪಾಠ. ಮಕ್ಕಳು ಸರದಿಯಂತೆ ಬಿಳಿ ಏಪ್ರನ್, ಬಿಳಿ ಟೋಪಿ, ಮಾಸ್ಕ್ ಹಾಕಿಕೊಂಡು ದೊಡ್ಡ ಪಾತ್ರೆಗಳನ್ನು ತಂದು ತಾವೇ ಬಡಿಸುತ್ತಾರೆ. ಎಲ್ಲರಿಗೂ ಬಡಿಸಿ ಆದ ಮೇಲೆ ಒಟ್ಟಿಗೆ "ಇತದಕಿಮಾಸ್" ಅಂದು ಶುರು ಮಾಡುತ್ತಾರೆ. ಸರದಿ ಮುಗಿದ ಮಗು ಶುಕ್ರವಾರ ಆ ಏಪ್ರನ್ ಮನೆಗೆ ತರುತ್ತದೆ. ಒಗೆದು, ಇಸ್ತ್ರಿ ಮಾಡಿ ಸೋಮವಾರ ಮುಂದಿನವರಿಗೆ ಕಳಿಸಬೇಕು.

ಅಲರ್ಜಿ ಇರುವ ಮಕ್ಕಳಿಗೆ ಶಾಲೆಗಳು ತುಂಬಾ ಎಚ್ಚರಿಕೆ ವಹಿಸುತ್ತವೆ. ಆದರೆ ಸಸ್ಯಾಹಾರಕ್ಕೆ ಬೇರೆ ಅಡುಗೆ ಮಾಡುವ ವ್ಯವಸ್ಥೆ ಹೆಚ್ಚಿನ ಶಾಲೆಗಳಲ್ಲಿ ಇಲ್ಲ. ಸುಲಭ ಆಗುತ್ತದೆ ಅಂತ ಅಲರ್ಜಿ ಇದೆ ಎಂದು ಸುಳ್ಳು ಹೇಳಬೇಡಿ. ಅವರು ಡಾಕ್ಟರ ಪತ್ರ ಕೇಳುತ್ತಾರೆ, ಒಮ್ಮೆ ಹೋದ ನಂಬಿಕೆ ವಾಪಸ್ ಬರುವುದಿಲ್ಲ. ಶಾಲೆಗೆ ಸೇರುವ ಮುಂಚಿನ ಶರತ್ಕಾಲದಲ್ಲಿ ಆರೋಗ್ಯ ತಪಾಸಣೆ, ಜನವರಿ-ಫೆಬ್ರವರಿ ಹೊತ್ತಿಗೆ ಪೋಷಕರ ಸಭೆ ಇರುತ್ತದೆ. ಅಷ್ಟರಲ್ಲೇ ನಿಮ್ಮ ಚೀಟಿ ಕೊಟ್ಟು ಮಾತಾಡಿ. ತಿಂಗಳ ಊಟದ ಪಟ್ಟಿ ಮುಂಚೆಯೇ ಮನೆಗೆ ಬರುತ್ತದೆ. ಪೂರ್ತಿ ಮನೆ ಡಬ್ಬಿಯೋ, ಅಥವಾ ಅನ್ನ, ಹಾಲು, ಹಣ್ಣು ಶಾಲೆಯದ್ದು, ಉಳಿದದ್ದು ಮನೆಯದ್ದೋ ಅಂತ ಕೇಳಿ. ಇದು ಶಾಲೆಯಿಂದ ಶಾಲೆಗೆ ಬೇರೆ.

ಡಬ್ಬಿ ಕೊಡುವುದಾದರೆ ಬಿಸಿ ಮಾಡಿಕೊಳ್ಳುವ ಸೌಕರ್ಯ ಇರುವುದಿಲ್ಲ. ತಣ್ಣಗೂ ರುಚಿ ಇರುವ ಪುಳಿಯೋಗರೆ, ಚಿತ್ರಾನ್ನ, ಚಪಾತಿ ಸುರುಳಿ ಒಳ್ಳೆಯದು. ಅನ್ನ ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕಿ, ಬೇಸಿಗೆಯಲ್ಲಿ ಐಸ್ ಪ್ಯಾಕ್ ಕಟ್ಟಿ. ಆ ದಿನ ಶಾಲೆಯಲ್ಲಿ ಕರಿ ಇದ್ದರೆ ನೀವೂ ಅದೇ ಬಣ್ಣದ ತರಕಾರಿ ಸಾಗು ಕೊಡಿ. ಕುಂಬಳಕಾಯಿ ಇದ್ದರೆ ಕುಂಬಳಕಾಯಿ. ತಟ್ಟೆ ನೋಡಿದರೆ ಬೇರೆ ಅಂತ ಅನ್ನಿಸದಿದ್ದರೆ ಆರು ವರ್ಷದ ಮಗುವಿಗೆ ಅಷ್ಟೇ ದೊಡ್ಡ ಸಮಾಧಾನ. ಯಾಕೆ ತಿನ್ನುವುದಿಲ್ಲ ಅಂತ ಗೆಳತಿಯರು ಕೇಳಿದರೆ "ನಮ್ಮ ಮನೆಯಲ್ಲಿ ತಿನ್ನುವುದಿಲ್ಲ" ಅಂತ ಹೇಳಲು ಕಲಿಸಿ. ಅದು ಕೊಳಕು, ಪಾಪ ಅಂತ ಹೇಳುವುದು ಬೇಡವೇ ಬೇಡ.

ಪೋಷಕರ ಸಭೆಯಲ್ಲಿ ಇನ್ನೊಂದು ಮಾತು ಮರೆಯದೆ ಕೇಳಿ. ಮನೆ ಡಬ್ಬಿ ತರುವ ಮಗುವನ್ನು ಬಡಿಸುವ ಸರದಿಯಿಂದ ಬಿಟ್ಟುಬಿಡುವುದುಂಟು. ಉಪಕಾರ ಅಂತಲೇ ಮಾಡುತ್ತಾರೆ. ಮಾಂಸ, ಮೀನಿನ ಪಾತ್ರೆ ಮುಟ್ಟುವುದು ನಿಮಗೆ ಬೇಡ ಅನ್ನಿಸಿದರೆ ಅನ್ನವನ್ನೋ ಹಾಲಿನ ಪೊಟ್ಟಣವನ್ನೋ ಹಂಚುವ ಕೆಲಸ ಕೊಡಿ ಅನ್ನಿ. ಏಪ್ರನ್ ಮಾತ್ರ ಅವಳಿಗೂ ಬರಲಿ.